ರಾಡಗಾನ್ ಮತ್ತು ಎಲ್ಡನ್ ಬೀಸ್ಟ್: ಕೊನೆಯ ಹೋರಾಟಕ್ಕೆ ಯಾವ ದಾರಿ ಹಿಡಿಯಬೇಕು?

ಎಲ್ಡನ್ ರಿಂಗ್ ಎಂಬ ವಿಡಿಯೊ ಗೇಮ್‌ನ ಕೊನೆಯ ಬಾಸ್ (ದೊಡ್ಡ ಎದುರಾಳಿ) ಎದುರು ಹತ್ತಾರು ಬಾರಿ ಸೋತು, ಕಂಟ್ರೋಲರ್ ಕೆಳಗಿಟ್ಟು, ಇನ್ನು ಯಾವ ದಾರಿ ಹಿಡಿಯುವುದೆಂದು ತೋಚದೆ ಕುಳಿತವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಆಟದಲ್ಲಿ ಇನ್ನೂ ಅರ್ಧ ದಾರಿಯನ್ನೂ ಸಾಗದವರು ಇಲ್ಲಿಯೇ ನಿಲ್ಲಿಸುವುದು ಒಳ್ಳೆಯದು. ಶೀರ್ಷಿಕೆಯಿಂದಲೇ ಅರ್ಧ ಗುಟ್ಟು ರಟ್ಟಾಗಿದೆ, ಉಳಿದರ್ಧ ಮುಂದಿನ ಸಾಲುಗಳಲ್ಲಿ ರಟ್ಟಾಗಲಿದೆ. ಜಪಾನಿನ ಫ್ರಮ್‌ಸಾಫ್ಟ್‌ವೇರ್ ಕಂಪನಿ ರೂಪಿಸಿದ ಈ ಆಟ 2022ರ ಫೆಬ್ರವರಿ 25ರಂದು ಬಿಡುಗಡೆಯಾಯಿತು. ನಾನು ಅದನ್ನು ಕೈಗೆತ್ತಿಕೊಂಡದ್ದು ಬಹಳ ತಡವಾಗಿ, ಮುಗಿಸಿದ್ದು ಮಂಗಳೂರಿನ ಬಿಜೈಯ ಮನೆಯಲ್ಲಿ, ಆಟಿ ತಿಂಗಳ ಮಳೆಯಲ್ಲಿ, ರಾತ್ರಿ ಊಟವಾದ ಮೇಲೆ ಸಿಗುತ್ತಿದ್ದ ಒಂದೂವರೆ ಗಂಟೆಯ ಬಿಡುವಿನಲ್ಲಿ. ಹೀಗೆ ಸಮಯ ಕಡಿಮೆ ಇರುವವರಿಗೆ ಯಾವ ತಂತ್ರ ಹೊಂದುತ್ತದೆ, ಯಾವುದು ಹೊಂದುವುದಿಲ್ಲ ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ.

ನಮ್ಮ ಕಡೆ ಆಟವೆಂದರೆ ಮೊದಲು ನೆನಪಾಗುವುದು ಯಕ್ಷಗಾನ. ಈ ಕೊನೆಯ ಹೋರಾಟವನ್ನು ವಿವರಿಸಲು ಅದಕ್ಕಿಂತ ಹತ್ತಿರದ ಹೋಲಿಕೆ ನನಗೆ ಸಿಕ್ಕಿಲ್ಲ. ಮೊದಲು ಎದುರಾಗುವ ರಾಡಗಾನ್ ಕಿರೀಟವೇಷದವನ ಹಾಗೆ, ಮನುಷ್ಯಾಕೃತಿಯವನು, ಕೈಯಲ್ಲಿ ಸುತ್ತಿಗೆ ಹಿಡಿದು ನೇರವಾಗಿ ನಿಮ್ಮ ಕಡೆಗೇ ನಡೆದು ಬರುವವನು. ಅವನು ಕುಸಿದ ಜಾಗದಲ್ಲಿಯೇ ಬಣ್ಣದ ವೇಷ ಎದ್ದು ಬಂದಂತೆ ಎಲ್ಡನ್ ಬೀಸ್ಟ್ ಎಂಬ ಬೃಹತ್ ಜೀವಿ ಏಳುತ್ತದೆ. ರಂಗಸ್ಥಳ ಬದಲಾಗುತ್ತದೆ, ನಡೆ ಬದಲಾಗುತ್ತದೆ, ಪೆಟ್ಟುಗಳ ಲಯವೂ ಬದಲಾಗುತ್ತದೆ. ನಡುವೆ ಚೌಕಿಗೆ ಹೋಗಿ ಬರುವಷ್ಟೂ ಬಿಡುವಿಲ್ಲ. ರಾಡಗಾನ್‌ನಿಗೆ ಖರ್ಚು ಮಾಡಿದ ಫ್ಲಾಸ್ಕ್, ಅಂದರೆ ಕುಡಿದು ಚೇತರಿಸಿಕೊಳ್ಳುವ ಮದ್ದಿನ ಶೀಸೆ, ಮರಳಿ ತುಂಬುವುದಿಲ್ಲ, ಬೀಸ್ಟ್‌ನ ಕೈಯಲ್ಲಿ ಸತ್ತರೆ ಮತ್ತೆ ರಾಡಗಾನ್‌ನಿಂದಲೇ ಆರಂಭಿಸಬೇಕು. ಆಟವನ್ನು ಮೊದಲ ಬಾರಿ ಆಡುವಾಗ ರಾಡಗಾನ್‌ನ ಪ್ರಾಣಬಲ ಸುಮಾರು 13,000, ಬೀಸ್ಟ್‌ನದು ಸುಮಾರು 22,000.

ಯಾವ ತಂತ್ರ ಒಳ್ಳೆಯದೆಂದು ಕೇಳಿದರೆ ಬಹಳಷ್ಟು ಜನ ಯಾವುದು ಹೆಚ್ಚು ಪೆಟ್ಟು ಕೊಡುತ್ತದೆ ಎಂಬ ಲೆಕ್ಕವನ್ನೇ ಹೇಳುತ್ತಾರೆ. ನಾನೂ ಮೊದಲ ವಾರ ಅದೇ ಲೆಕ್ಕದಲ್ಲಿದ್ದೆ. ಆಮೇಲೆ, ಹಾಲಿನವನ ಲೆಕ್ಕ ಬರೆಯುವ ಸಣ್ಣ ಪುಸ್ತಕದ ಹಿಂಬದಿಯ ಹಾಳೆಯಲ್ಲಿ, ಬೀಸ್ಟ್ ಕಾಣಿಸಿಕೊಂಡ ಕ್ಷಣದಲ್ಲಿ ನನ್ನ ಬಳಿ ಎಷ್ಟು ಕೆಂಪು ಫ್ಲಾಸ್ಕ್ ಉಳಿದಿದೆ ಎಂಬುದನ್ನು ಮಾತ್ರ ಪ್ರತಿ ಸಲ ಗೀಟು ಹಾಕಿ ಬರೆಯತೊಡಗಿದೆ. ಆಟದಲ್ಲಿ ಒಟ್ಟು 14 ಫ್ಲಾಸ್ಕ್‌ಗಳನ್ನು ಹೊಂದಬಹುದು. ನಾನು 10 ಕೆಂಪು, 4 ನೀಲಿ ಎಂದು ಹಂಚಿಕೊಂಡಿದ್ದೆ. ಕೆಂಪು ಪ್ರಾಣಬಲವನ್ನು ತುಂಬುತ್ತದೆ, ನೀಲಿ ಮಂತ್ರಗಳಿಗೂ ವಿಶೇಷ ಹೊಡೆತಗಳಿಗೂ ಬೇಕಾದ ಎಫ್‌ಪಿ ಎಂಬ ಶಕ್ತಿಯನ್ನು ತುಂಬುತ್ತದೆ. ಎರಡು ಮೂರು ಗೀಟು ಉಳಿದ ರಾತ್ರಿಗಳಲ್ಲಿ ಬೀಸ್ಟ್‌ನ ಪ್ರಾಣಪಟ್ಟಿ ಅರ್ಧಕ್ಕೂ ಇಳಿಯುತ್ತಿರಲಿಲ್ಲ, ಆರು ಉಳಿದ ದಿನ ಗೆಲುವು ಕಣ್ಣಳತೆಗೆ ಬಂದಿತ್ತು. ಆದ್ದರಿಂದ ಮುಂದೆ ಹೇಳುವ ಪ್ರತಿಯೊಂದು ದಾರಿಯನ್ನೂ ಇದೇ ಅಳತೆಗೋಲಿನಿಂದ ಅಳೆದಿದ್ದೇನೆ: ಅದು ನಿಮ್ಮನ್ನು ಎಷ್ಟು ಫ್ಲಾಸ್ಕ್‌ಗಳೊಂದಿಗೆ ಎರಡನೆಯ ವೇಷದ ಮುಂದೆ ನಿಲ್ಲಿಸುತ್ತದೆ?

ಯಾವ ದಾರಿಗಾದರೂ ಬೇಕಾದ ತಯಾರಿ

ಇಬ್ಬರ ಹೊಡೆತದಲ್ಲಿಯೂ ಹೋಲಿ ಎಂಬ ಬಗೆಯ ಹಾನಿ ದೊಡ್ಡ ಪಾಲು ಪಡೆದಿದೆ, ಮತ್ತು ಅದೇ ಹೋಲಿ ಬಗೆಯ ಆಯುಧದಿಂದ ಇವರನ್ನು ಹೊಡೆದರೆ ಅದು ಬಂಡೆಗೆ ಕಡ್ಡಿಯಿಂದ ಬಡಿದಷ್ಟೇ ಆಗುತ್ತದೆ. ಇಡೀ ಆಟದಲ್ಲಿ ಹೊಂಬಣ್ಣದ ಪ್ರಾರ್ಥನಾ ಮಂತ್ರಗಳನ್ನೇ ನಂಬಿಕೊಂಡು ಬಂದವರಿಗೆ ಇದು ಬಹಳ ನಿರಾಸೆಯ ವಿಷಯ. ಬೆಂಕಿ ರಾಡಗಾನ್‌ನ ಮೇಲೆ ಚೆನ್ನಾಗಿ ತಾಗುತ್ತದೆ. ಬೀಸ್ಟ್ ಮಾತ್ರ ಬೆಂಕಿ, ಸಿಡಿಲು, ಮಾಟದ ಹಾನಿ ಮೂರರಲ್ಲಿಯೂ ಗಣನೀಯ ಪಾಲನ್ನು ನುಂಗಿಹಾಕುತ್ತದೆ. ಇಬ್ಬರ ಮೇಲೂ ಒಂದೇ ರೀತಿ ನಂಬಬಹುದಾದದ್ದು ಸಾದಾ ಭೌತಿಕ ಪೆಟ್ಟು. ರಕ್ತಸ್ರಾವ ಇಬ್ಬರಿಗೂ ತಟ್ಟುವುದಿಲ್ಲ. ರಿವರ್ಸ್ ಆಫ್ ಬ್ಲಡ್ ಕತ್ತಿಯನ್ನು ಹಿಡಿದು ಹತ್ತು ಬಾಸ್‌ಗಳನ್ನು ಉರುಳಿಸಿ ಬಂದವರು ಇಲ್ಲಿಗೆ ಬಂದಾಗ ತಮ್ಮ ಕೈಯೇ ಸೋತಿತೆಂದು ಭಾವಿಸುತ್ತಾರೆ. ಸೋತದ್ದು ಕೈಯಲ್ಲ, ಆ ಕತ್ತಿಯ ಅರ್ಧ ಬಲವೇ ಇಲ್ಲಿ ನಡೆಯುವುದಿಲ್ಲ.

ಎರಡನೆಯದು ವಿಗರ್, ಅಂದರೆ ಪ್ರಾಣಬಲವನ್ನು ಹೆಚ್ಚಿಸುವ ಅಂಕ. ವಿಗರ್ 40ರಲ್ಲಿ ನಿಮ್ಮ ಪ್ರಾಣಬಲ 1,450 ಇದ್ದರೆ 60ರಲ್ಲಿ ಅದು 1,900 ಆಗುತ್ತದೆ, ಆದರೆ 60ರಿಂದ 99ರವರೆಗೆ ಎಷ್ಟೇ ಸುರಿದರೂ ಸಿಗುವುದು ಇನ್ನು 200 ಮಾತ್ರ. ಹಾಗಾಗಿ 60ರವರೆಗೆ ಧಾರಾಳವಾಗಿ ಹಾಕಿ, ಅಲ್ಲಿಗೆ ನಿಲ್ಲಿಸಬೇಕು. ತಾಲಿಸ್ಮನ್‌ಗಳಲ್ಲಿ (ಕಟ್ಟಿಕೊಳ್ಳುವ ತಾಯಿತಗಳಲ್ಲಿ) ಹ್ಯಾಲಿಗ್‌ಡ್ರೇಕ್ ತಾಲಿಸ್ಮನ್‌ನ +2 ರೂಪ ಹೋಲಿ ಹಾನಿಯನ್ನು 20 ಶೇಕಡಾ ತಗ್ಗಿಸುತ್ತದೆ. ಅದು ಮೊಗ್ವಿನ್ ಅರಮನೆಯ ಪ್ರದೇಶದಲ್ಲಿ ಸಿಗುತ್ತದೆ. ಭೌತಿಕ ಪೆಟ್ಟಿಗೆ ಡ್ರ್ಯಾಗನ್‌ಕ್ರೆಸ್ಟ್ ಗ್ರೇಟ್‌ಶೀಲ್ಡ್ ತಾಲಿಸ್ಮನ್. ಪೆಟ್ಟು ಹೆಚ್ಚಿಸುವ ನಾಲ್ಕು ತಾಲಿಸ್ಮನ್ ಕಟ್ಟಿಕೊಂಡು ಹೋಗುವವರನ್ನು ನೋಡಿದ್ದೇನೆ, ನಾನೂ ಹಾಗೆಯೇ ಹೋದವನು. ಒಂದಾದರೂ ಹೋಲಿಯನ್ನು ತಡೆಯುವಂಥದ್ದು ಇಲ್ಲದೆ ಒಳಗೆ ಕಾಲಿಡುವುದು ಕೊಡೆಯಿಲ್ಲದೆ ಜುಲೈ ತಿಂಗಳಲ್ಲಿ ಹಂಪನಕಟ್ಟೆಗೆ ಹೊರಟಂತೆ. ಮಿಶ್ರಣದ ಫಿಸಿಕ್ ಫ್ಲಾಸ್ಕ್‌ನಲ್ಲಿ ಓಪಲೈನ್ ಹಾರ್ಡ್‌ಟಿಯರ್ ಹಾಕಿಕೊಂಡರೆ ಮೂರು ನಿಮಿಷ ಎಲ್ಲ ಬಗೆಯ ಹಾನಿಯೂ ತಗ್ಗುತ್ತದೆ. ಆ ಫ್ಲಾಸ್ಕ್ ಒಂದೇ ಬಾರಿ ಕುಡಿಯಲು ಬರುವುದರಿಂದ ರಾಡಗಾನ್‌ನಿಗೆ ಅದನ್ನು ಖರ್ಚು ಮಾಡದೆ ಬೀಸ್ಟ್‌ಗಾಗಿ ಇಟ್ಟುಕೊಳ್ಳಬೇಕು.

ಭಾರದ ಆಯುಧ, ಹತ್ತಿರದ ಹೋರಾಟ

ಮೊದಲ ದಾರಿ ಹಳೆಯದು, ಸರಳವಾದದ್ದು: ಎರಡು ಕೈಗೂ ಭಾರದ ಖಡ್ಗ ಅಥವಾ ಒಂದು ಬೃಹತ್ ಸುತ್ತಿಗೆ ಹಿಡಿದು, ಹಾರಿ ಹೊಡೆದು, ಎದುರಾಳಿಯ ಸಮತೋಲ ಮುರಿದು, ಅವನು ಮಂಡಿಯೂರಿದಾಗ ಎದೆಗೆ ತಿವಿಯುವುದು. ಹಾರಿ ಹೊಡೆಯುವ ಪೆಟ್ಟಿಗೆ ಬಲ ಕೊಡುವ ಕ್ಲಾ ತಾಲಿಸ್ಮನ್ ಮತ್ತು ರ‍್ಯಾಪ್ಟರ್ಸ್ ಬ್ಲ್ಯಾಕ್ ಫೆದರ್ಸ್ ಎಂಬ ಮೇಲುಡುಪು ಎರಡೂ ಇದ್ದರೆ ರಾಡಗಾನ್ ಬಹಳ ಹೊತ್ತು ತಾಳುವುದಿಲ್ಲ. ಹೊಡೆತವೆಲ್ಲ ಭೌತಿಕವಾದ್ದರಿಂದ ಬೀಸ್ಟ್ ಎದುರೂ ಅದರ ಹರಿತ ಕುಂದುವುದಿಲ್ಲ. ಈ ಎರಡನೆಯ ಗುಣಕ್ಕಾಗಿಯೇ ನಾನು ಈ ದಾರಿಗೆ ಮೊದಲ ಸ್ಥಾನ ಕೊಡುತ್ತೇನೆ.

ಇಲ್ಲಿ ಕಲಿಯಬೇಕಾದದ್ದು ರಾಡಗಾನ್‌ನ ಸುತ್ತಿಗೆಯ ಲೆಕ್ಕ. ಅವನು ಸುತ್ತಿಗೆಯನ್ನು ನೆಲಕ್ಕೆ ಬಡಿದಾಗ ಪೆಟ್ಟು ಒಂದೇ ಎಂದು ಮುಂದೆ ನುಗ್ಗಿದರೆ ಕೆಟ್ಟೆವು. ನೆಲದಿಂದ ಹೊಂಬೆಳಕು ಸಿಡಿದು ಇನ್ನೊಂದು ಪೆಟ್ಟು ಬರುತ್ತದೆ. ಪ್ರಾಣಬಲ ಅರ್ಧಕ್ಕೆ ಇಳಿದ ಮೇಲೆ ಅದೇ ಬಡಿತ ಒಂದರ ಹಿಂದೆ ಒಂದಾಗಿ, ಒಂದಕ್ಕಿಂತ ಒಂದು ಅಗಲವಾಗಿ ಬರುತ್ತದೆ. ಮೊದಲ ಹತ್ತು ಪ್ರಯತ್ನಗಳಲ್ಲಿ ನಾನು ಪ್ರತಿಯೊಂದಕ್ಕೂ ಉರುಳುತ್ತಿದ್ದೆ, ಮೂರನೆಯ ಬಡಿತದ ಹೊತ್ತಿಗೆ ಸ್ಟ್ಯಾಮಿನಾ ಬರಿದಾಗಿ ನಿಂತಲ್ಲೇ ಹುರಿದು ಹೋಗುತ್ತಿದ್ದೆ. ಉರುಳುವುದನ್ನು ಬಿಟ್ಟು, ಬಡಿತ ನೆಲ ಮುಟ್ಟುವ ಕ್ಷಣಕ್ಕೆ ಸರಿಯಾಗಿ ಅವನ ಕಡೆಗೇ ಹಾರಿದಾಗ ಅಲೆ ಕಾಲ ಕೆಳಗೆ ಹಾದುಹೋಯಿತು, ಇಳಿಯುವಾಗ ನನ್ನ ಖಡ್ಗ ಅವನ ಭುಜದ ಮೇಲಿತ್ತು. ಹಾರುವುದೇ ತಪ್ಪಿಸಿಕೊಳ್ಳುವುದೂ ಹೌದು, ಹೊಡೆಯುವುದೂ ಹೌದು ಎಂಬುದು ಕೈಗೆ ಹತ್ತಲು ಎರಡು ರಾತ್ರಿ ಬೇಕಾದವು. ಹತ್ತಿದ ಮೇಲೆ ರಾಡಗಾನ್‌ನಿಗೆ ಮೂರು ಫ್ಲಾಸ್ಕ್‌ಗಿಂತ ಹೆಚ್ಚು ಖರ್ಚಾಗಲಿಲ್ಲ. ಅವನು ಕಣ್ಣೆದುರಿಂದ ಮಾಯವಾಗಿ ಹತ್ತಿರದಲ್ಲೇ ಮತ್ತೆ ಮೂಡುವ ಚಾಳಿಯೊಂದಿದೆ. ಮಾಯವಾದಾಗ ಹುಡುಕುತ್ತ ನಿಲ್ಲದೆ ಒಂದು ಹೆಜ್ಜೆ ದೂರ ಸರಿದರೆ ಸಾಕು.

ಈ ದಾರಿಯ ದೋಷ ಬೀಸ್ಟ್‌ನಲ್ಲಿ ಹೊರಬೀಳುತ್ತದೆ. ಅದು ಈಜುತ್ತ ಅಖಾಡದ ಇನ್ನೊಂದು ತುದಿಗೆ ಹೋಗಿಬಿಡುತ್ತದೆ, ನೀವು ಭಾರದ ಖಡ್ಗ ಹೊತ್ತುಕೊಂಡು ಅದರ ಹಿಂದೆ ಓಡಬೇಕು, ಹತ್ತಿರ ತಲುಪಿ ಎರಡು ಪೆಟ್ಟು ಹಾಕುವಷ್ಟರಲ್ಲಿ ಅದು ಮತ್ತೆ ಹೊರಟಿರುತ್ತದೆ. ಈ ಬೇಸರಕ್ಕೆ ಈಗ ಮದ್ದು ಇದೆ. ಅದನ್ನು ಮುಂದೆ ಹೇಳುತ್ತೇನೆ.

ಇದೇ ಬಳಗಕ್ಕೆ ಸೇರಿದ ಇನ್ನೊಂದು ಆಯ್ಕೆ ರೈಕಾರ್ಡ್ ಎಂಬ ಬಾಸ್‌ನನ್ನು ಕೊಂದಾಗ ಸಿಗುವ ನೆನಪಿನಿಂದ ಪಡೆಯುವ ಬ್ಲಾಸ್ಫಿಮಸ್ ಬ್ಲೇಡ್. ಅದರ ಬೆಂಕಿಯ ಅಲೆ ತಾಗಿದಾಗಲೆಲ್ಲ ನಿಮ್ಮ ಪ್ರಾಣಬಲ ಸ್ವಲ್ಪ ಮರಳುವುದರಿಂದ ರಾಡಗಾನ್‌ನ ಸುತ್ತಿನಲ್ಲಿ ಕೆಂಪು ಫ್ಲಾಸ್ಕ್ ಮುಟ್ಟದೆಯೇ ದಾಟಿದವರಿದ್ದಾರೆ. ಬೀಸ್ಟ್‌ನ ಎದುರು ಬೆಂಕಿಯ ಬಲ ಕುಗ್ಗುತ್ತದೆ, ಆದರೂ ಪ್ರಾಣ ಮರಳುವುದು ನಿಲ್ಲುವುದಿಲ್ಲ. ನನ್ನ ಅಳತೆಗೋಲಿನಲ್ಲಿ ಇದು ಭಾರದ ಖಡ್ಗಕ್ಕೆ ಬಹುತೇಕ ಸಮ. ಹಾರುವ ಲೆಕ್ಕ ಕೈಗೆ ಹತ್ತದವರಿಗೆ ಒಂದು ಕೈ ಮೇಲು ಎಂದೂ ಹೇಳಬಹುದು. ನೀಲಿ ಫ್ಲಾಸ್ಕ್‌ಗಳ ಪಾಲು ಹೆಚ್ಚಿಸಿಕೊಳ್ಳಬೇಕೆಂಬುದನ್ನು ಮಾತ್ರ ಮರೆಯಬಾರದು.

ದೊಡ್ಡ ಗುರಾಣಿಯ ಹಿಂದೆ ನಿಂತು ಈಟಿಯಿಂದ ತಿವಿಯುವ ಪದ್ಧತಿ ಉಳಿದ ಬಾಸ್‌ಗಳಲ್ಲಿ ಸೊಗಸಾಗಿ ನಡೆಯುತ್ತದೆ. ಇಲ್ಲಿ ಹೋಲಿ ಹಾನಿ ಬಹಳಷ್ಟು ಗುರಾಣಿಗಳನ್ನು ದಾಟಿ ಒಳಗೆ ಸೋರುತ್ತದೆ, ಕಾಣದ ಹಾಗೆ ಫ್ಲಾಸ್ಕ್ ತಿನ್ನುತ್ತದೆ. ನಾನು ಇದನ್ನು ಶಿಫಾರಸು ಮಾಡುವುದಿಲ್ಲ.

ಮಾಟಗಾರನ ದಾರಿ

ದೂರದಿಂದ ಹೊಡೆಯುವವರ ಮುಂದೆ ಎರಡು ಆಯ್ಕೆಗಳಿವೆ, ಮತ್ತು ಹೆಚ್ಚು ಹೆಸರಾದದ್ದೇ ಇಲ್ಲಿ ಕಡಿಮೆ ಉಪಯೋಗದ್ದು. ಕಾಮೆಟ್ ಅಜೂರ್ ಎಂಬ ಮಂತ್ರಕ್ಕೆ ಇಂಟೆಲಿಜೆನ್ಸ್ (ಮಾಟಗಾರರು ಬೆಳೆಸಿಕೊಳ್ಳುವ ಅಂಕ) 60 ಬೇಕು. ಫಿಸಿಕ್ ಫ್ಲಾಸ್ಕ್‌ನಲ್ಲಿ ಸೆರೂಲಿಯನ್ ಹಿಡನ್ ಟಿಯರ್ ಬೆರೆಸಿ ಕುಡಿದರೆ ಕೆಲವು ಕ್ಷಣ ಎಫ್‌ಪಿ ಖರ್ಚಾಗದು, ಆ ಹೊತ್ತಿನಲ್ಲಿ ನೆಲದ ಮೇಲೆ ಟೆರಾ ಮ್ಯಾಜಿಕಾದ ವೃತ್ತ ಹಾಕಿ ಅದರೊಳಗೆ ನಿಂತು ಈ ಮಂತ್ರವನ್ನು ಹಿಡಿದಿಟ್ಟರೆ ಬೆಳಕಿನ ಧಾರೆಯೊಂದು ಎದುರಿದ್ದವರನ್ನು ಕರಗಿಸುತ್ತದೆ. ಅಂಥ ವಿಡಿಯೊಗಳನ್ನು ನೋಡಿ ಮರುಳಾದವರು ಬಹಳ. ನಿಮ್ಮ ಕಡೆಗೆ ನಡೆದು ಬರುವ ರಾಡಗಾನ್‌ನ ಮೇಲೆ ಇದು ನಡೆಯುತ್ತದೆ. ಆದರೆ ಧಾರೆ ಬಿಡುವಾಗ ನೀವು ನಿಂತಲ್ಲಿಂದ ಕದಲುವಂತಿಲ್ಲ, ಬೀಸ್ಟ್ ನಿಂತಲ್ಲಿ ನಿಲ್ಲುವುದಿಲ್ಲ, ನಿಂತರೂ ಮಾಟದ ಹಾನಿಯ ದೊಡ್ಡ ಪಾಲನ್ನು ನುಂಗುತ್ತದೆ, ಅಷ್ಟರಲ್ಲಿ ನಿಮ್ಮ ಫಿಸಿಕ್ ಫ್ಲಾಸ್ಕ್ ಖಾಲಿಯಾಗಿರುತ್ತದೆ. ಮೊದಲ ವೇಷಕ್ಕೇ ಮದ್ದೆಲ್ಲ ಸುಟ್ಟು, ಎರಡನೆಯದಕ್ಕೆ ಬರಿಗೈಯಲ್ಲಿ ನಿಂತಂತಾಗುತ್ತದೆ.

ಅದಕ್ಕಿಂತ ಎಷ್ಟೋ ಒಳ್ಳೆಯದು ರಾಕ್ ಸ್ಲಿಂಗ್. ನೆಲದಿಂದ ಮೂರು ಕಲ್ಲು ಎತ್ತಿ ಎಸೆಯುವ ಈ ಮಂತ್ರಕ್ಕೆ ಇಂಟೆಲಿಜೆನ್ಸ್ ಕೇವಲ 18 ಸಾಕು, ಕೇಲಿಡ್‌ನ ಸ್ಟ್ರೀಟ್ ಆಫ್ ಸೇಜಸ್ ಅವಶೇಷಗಳ ನೆಲಮಾಳಿಗೆಯಲ್ಲಿ ಸಿಗುತ್ತದೆ, ಇದರ ಬಲವನ್ನು ಹೆಚ್ಚಿಸುವ ಮೀಟಿಯೊರೈಟ್ ದಂಡವೂ ಅದೇ ಅವಶೇಷಗಳಲ್ಲಿಯೇ ಇದೆ. ಮುಖ್ಯ ಸಂಗತಿಯೆಂದರೆ ಇದು ಮಂತ್ರವಾದರೂ ಕೊಡುವುದು ಭೌತಿಕ ಪೆಟ್ಟು. ಬೀಸ್ಟ್ ನುಂಗುವ ಮಾಟದ ಪಾಲು ಇಲ್ಲಿ ಅನ್ವಯಿಸುವುದೇ ಇಲ್ಲ. ಎದುರಾಳಿಯ ಸಮತೋಲ ಮುರಿಯುವುದರಲ್ಲಿಯೂ ಇದು ಮುಂದು. ಆಟದ ಮೊದಲ ಗಂಟೆಗಳಲ್ಲಿಯೇ ಸಿಗಬಹುದಾದ ಒಂದು ಅಗ್ಗದ ಮಂತ್ರ ಕೊನೆಯ ದೇವತೆಯ ಎದುರು 60 ಇಂಟೆಲಿಜೆನ್ಸ್‌ನ ಮಹಾಮಂತ್ರಕ್ಕಿಂತ ಹೆಚ್ಚು ದುಡಿಯುತ್ತದೆ ಎಂಬುದು ನನಗೆ ಈ ಆಟದಲ್ಲಿ ಬಹಳ ಇಷ್ಟವಾದ ವಿಷಯಗಳಲ್ಲೊಂದು. ಆದರೂ ಮಾಟಗಾರರು ಸಾಮಾನ್ಯವಾಗಿ ವಿಗರ್‌ನಲ್ಲಿ ಬಡವರು. ರಾಡಗಾನ್ ಒಂದೇ ಜಿಗಿತಕ್ಕೆ ಮೈಮೇಲೆ ಬೀಳುವವನಾದ್ದರಿಂದ ಮೊದಲ ಸುತ್ತಿನಲ್ಲಿ ಇವರಿಗೆ ಖರ್ಚು ಜಾಸ್ತಿ, ಎರಡನೆಯ ಸುತ್ತಿನಲ್ಲಿ ಕಡಿಮೆ. ಈ ಅಂತರವನ್ನು ತುಂಬಲು ಯಾರಾದರೊಬ್ಬರು ಮುಂದೆ ನಿಂತು ಪೆಟ್ಟು ತಿನ್ನಬೇಕು.

ಆತ್ಮಗಳ ನೆರವು: ಮಿಮಿಕ್ ಟಿಯರ್ ಅಥವಾ ಟೀಷೆ

ಸ್ಪಿರಿಟ್ ಆ್ಯಶ್, ಅಂದರೆ ಗಂಟೆ ಬಾರಿಸಿ ನೆರವಿಗೆ ಕರೆಯುವ ಆತ್ಮಗಳನ್ನು ಬಳಸುವುದು ಮೋಸವೋ ಅಲ್ಲವೋ ಎಂಬ ಚರ್ಚೆ ಆಟ ಬಂದಂದಿನಿಂದ ನಡೆದಿದೆ. ಆಟ ತಯಾರಿಸಿದವರೇ ಕೊಟ್ಟ ಗಂಟೆಯನ್ನು ಬಾರಿಸುವುದರಲ್ಲಿ ನನಗೆ ಯಾವ ಅಳುಕೂ ಇಲ್ಲ. ಗಮನಿಸಬೇಕಾದದ್ದು ಬೇರೆ: ಕರೆದ ಆತ್ಮ ರಾಡಗಾನ್‌ನ ಸುತ್ತಿನಲ್ಲಿ ಬದುಕಿ ಉಳಿದರೆ ಬೀಸ್ಟ್‌ನ ಸುತ್ತಿಗೂ ನಿಮ್ಮೊಂದಿಗೆ ಬರುತ್ತದೆ, ಸತ್ತರೆ ಅದೇ ಹೋರಾಟದಲ್ಲಿ ಮತ್ತೆ ಕರೆಯಲು ಬರುವುದಿಲ್ಲ. ಆದ್ದರಿಂದ ಇಲ್ಲಿ ಆತ್ಮವೂ ಒಂದು ಫ್ಲಾಸ್ಕೇ ಎಂದು ತಿಳಿದು, ಅದನ್ನು ಒಂಟಿಯಾಗಿ ಬಿಟ್ಟು ದೂರ ನಿಲ್ಲದೆ ಪೆಟ್ಟುಗಳನ್ನು ಹಂಚಿಕೊಳ್ಳಬೇಕು. ಯಾವುದನ್ನೇ ಆರಿಸಿದರೂ ಆತ್ಮಗಳನ್ನು ಬಲಪಡಿಸಿಕೊಡುವ ರೋಡೆರಿಕಾಳ ಬಳಿ ಹೋಗಿ +10ರವರೆಗೆ ಬಲಪಡಿಸಿಕೊಂಡೇ ಬರಬೇಕು.

ಮಿಮಿಕ್ ಟಿಯರ್ ನಿಮ್ಮದೇ ಪ್ರತಿರೂಪ. ನೀವು ತೊಟ್ಟ ಕವಚ, ಹಿಡಿದ ಆಯುಧ ಎಲ್ಲವೂ ಅದಕ್ಕೂ ಇರುತ್ತದೆ. ನೊಕ್ರಾನ್‌ನ ನೈಟ್ಸ್ ಸೇಕ್ರೆಡ್ ಗ್ರೌಂಡ್‌ನಲ್ಲಿ, ಸ್ಟೋನ್‌ಸ್ವೋರ್ಡ್ ಕೀ ಹಾಕಿ ತೆರೆಯಬೇಕಾದ ಮಂಜಿನ ಬಾಗಿಲ ಹಿಂದೆ ಇದು ಸಿಗುತ್ತದೆ. 2022ರ ಮಾರ್ಚ್‌ನಲ್ಲಿ ಬಂದ 1.03 ಪ್ಯಾಚ್ (ಆಟದ ಪರಿಷ್ಕರಣೆ) ಇದರ ಪೆಟ್ಟಿನ ಬಲವನ್ನು ತಗ್ಗಿಸಿತು, ಹಾಗಿದ್ದರೂ ಪೆಟ್ಟು ತಾಳುವ ಶಕ್ತಿಯಲ್ಲಿ ಇಂದಿಗೂ ಇದಕ್ಕೆ ಎಣೆಯಿಲ್ಲ. ಬೆಲೆ ಮಾತ್ರ ವಿಚಿತ್ರ: ಎಫ್‌ಪಿಯ ಬದಲು ನಿಮ್ಮ ಪ್ರಾಣಬಲದಿಂದಲೇ 660 ಕಳೆಯುತ್ತದೆ. ವಿಗರ್ 40 ಇರುವವರಿಗೆ 1,450ರಲ್ಲಿ 790 ಉಳಿಯಿತು. ಆ ಸ್ಥಿತಿಯಲ್ಲಿ ರಾಡಗಾನ್ ಜಿಗಿದು ಬಂದರೆ ಗಂಟೆ ಬಾರಿಸಿದ ಕೈ ಇಳಿಯುವ ಮೊದಲೇ ಆಟ ಮುಗಿದಿರುತ್ತದೆ. +12ರವರೆಗೆ ಬಲಪಡಿಸಿದ ಕೆಂಪು ಫ್ಲಾಸ್ಕ್ ಒಂದು ಗುಟುಕಿಗೆ 810 ಮರಳಿಸುವುದರಿಂದ, ಮಿಮಿಕ್‌ನ ನಿಜವಾದ ಬೆಲೆ ಒಂದು ಫ್ಲಾಸ್ಕ್ ಎಂದು ಲೆಕ್ಕ ಹಾಕಿಕೊಳ್ಳಬಹುದು. ಭಾರದ ಖಡ್ಗದವರಿಗೆ ಅದು ಲಾಭದ ವ್ಯಾಪಾರವೇ, ಏಕೆಂದರೆ ಎರಡು ಜೋಡಿ ಖಡ್ಗಗಳು ಒಟ್ಟಿಗೆ ಬಿದ್ದಾಗ ರಾಡಗಾನ್ ಮಂಡಿಯೂರುವುದು ಬೇಗ. ಮಾಟಗಾರರಿಗೆ ಅಷ್ಟು ಲಾಭವಿಲ್ಲ. ಅವರ ಪ್ರತಿರೂಪವೂ ದೂರ ನಿಂತು ಮಂತ್ರ ಹಾಕುತ್ತದೆ, ಪೆಟ್ಟು ತಿನ್ನಲು ಮುಂದೆ ಯಾರೂ ಇರುವುದಿಲ್ಲ.

ಬ್ಲ್ಯಾಕ್ ನೈಫ್ ಟೀಷೆ ಇದಕ್ಕೆ ತದ್ವಿರುದ್ಧ. ಅವಳಿಗೆ 132 ಎಫ್‌ಪಿ ಬೇಕು, ಹಾಗೂ ಅವಳನ್ನು ಪಡೆಯಲು ರಾನಿ ಎಂಬ ಪಾತ್ರದ ಕಥಾಸರಣಿಯನ್ನು ಬಹುದೂರ ಹಿಂಬಾಲಿಸಿ ಮೂನ್‌ಲೈಟ್ ಆಲ್ಟರ್ ತಲುಪಿ ಅಲ್ಲಿನ ಎವರ್‌ಗೋಲ್ ಎಂಬ ಸೆರೆಮನೆಯಲ್ಲಿ ಅಲೆಕ್ಟೋ ಎಂಬವಳನ್ನು ಸೋಲಿಸಬೇಕು. ಅಲೆಕ್ಟೋಳೇ ಹಲವರಿಗೆ ಕೊನೆಯ ಬಾಸ್‌ಗಿಂತ ಕಷ್ಟವಾಗಿದ್ದುಂಟು. ಟೀಷೆ ಪೆಟ್ಟು ತಾಳುವವಳಲ್ಲ, ತಪ್ಪಿಸುವವಳು. ಅವಳ ವಿಶೇಷ ಹೊಡೆತ ಎದುರಾಳಿಯ ಒಟ್ಟು ಪ್ರಾಣಬಲದ ಒಂದು ಪಾಲನ್ನೇ ಕೀಳುವುದರಿಂದ, ಎದುರಾಳಿ ದೊಡ್ಡವನಾದಷ್ಟೂ ಅವಳ ಕೆಲಸ ದೊಡ್ಡದಾಗುತ್ತದೆ. 22,000 ಪ್ರಾಣಬಲದ ಬೀಸ್ಟ್ ಎದುರು ಇದು ಎಷ್ಟು ಬೆಲೆಬಾಳುತ್ತದೆಂದು ಬೇರೆ ಹೇಳಬೇಕಾಗಿಲ್ಲ. ಅವಳು ರಾಡಗಾನ್‌ನ ಸುತ್ತ ಸುಳಿದಾಡುತ್ತಿದ್ದರೆ ಮಾಟಗಾರನಿಗೆ ಕಲ್ಲೆಸೆಯಲು ಬೇಕಾದ ಬಿಡುವೂ ಸಿಗುತ್ತದೆ. ರಾನಿಯ ಕಥೆಯನ್ನು ಹೇಗೂ ಮುಗಿಸಿರುವವರು ಟೀಷೆಯನ್ನು, ಮುಗಿಸದವರು ಮಿಮಿಕ್ ಅನ್ನು ಆರಿಸಿಕೊಳ್ಳಬೇಕು. ಟೀಷೆಗಾಗಿಯೇ ಈಗ ಆ ಕಥೆಯನ್ನು ಆರಂಭಿಸುವುದು ವಾರಗಟ್ಟಲೆಯ ಕೆಲಸ.

ಕುದುರೆ ಬಂದ ಮೇಲೆ

ಹಳೆಯ ಮಾರ್ಗದರ್ಶಿಗಳನ್ನು ಓದಿ ಆಡುವವರಿಗೆ ಗೊತ್ತಾಗದೆ ಹೋಗುವ ಒಂದು ಸಂಗತಿಯಿದೆ, ನನಗೂ ಗೊತ್ತಿರಲಿಲ್ಲ. ಸುರತ್ಕಲ್‌ನಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗ ಒಂದು ಶನಿವಾರ ಮನೆಗೆ ಬಂದವನು, ನಾನು ಬೀಸ್ಟ್‌ನ ಹಿಂದೆ ಏದುಸಿರು ಬಿಡುತ್ತ ಓಡುವುದನ್ನು ಐದು ನಿಮಿಷ ನೋಡಿ, "ಮಾವ, ನೀವು ಎಂತ ನಡೆದುಕೊಂಡೇ ಹೋಗುವುದು? ಈಗ ಅಲ್ಲಿ ಕುದುರೆ ಬರ್ತದಲ್ಲ" ಎಂದ. ಹೌದು: 2024ರ ಜೂನ್‌ನಲ್ಲಿ, ಶ್ಯಾಡೋ ಆಫ್ ದಿ ಎರ್ಡ್‌ಟ್ರೀ ಎಂಬ ವಿಸ್ತರಣೆ ಬರುವ ಹೊತ್ತಿಗೆ ಸೇರಿದ 1.12 ಪ್ಯಾಚ್, ಕೊನೆಯ ಬಾಸ್‌ನ ಹೋರಾಟದಲ್ಲಿ ಟೊರೆಂಟ್ ಕುದುರೆಯನ್ನು ಕರೆಯಲು ಅವಕಾಶ ಕೊಟ್ಟಿತು. ಅದಕ್ಕೂ ಹಿಂದಿನ ಎರಡು ವರ್ಷಗಳಲ್ಲಿ ಬರೆದ ಸಲಹೆಗಳಲ್ಲಿ ಇದರ ಸುಳಿವೇ ಇರುವುದಿಲ್ಲ.

ಬೀಸ್ಟ್‌ನ ಅಖಾಡ ಕಂಬಳದ ಕರೆಯ ಹಾಗೆ ತೆಳುವಾಗಿ ನೀರು ನಿಂತ ಬಯಲು. ಅಗಲ ಮಾತ್ರ ಕಣ್ಣು ಹಾಯದಷ್ಟು. ಕುದುರೆ ಇದ್ದರೆ ಭಾರದ ಖಡ್ಗದವರನ್ನು ಕಾಡುತ್ತಿದ್ದ ಓಟದ ಗೋಳು ಮುಗಿಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಎಲ್ಡನ್ ಸ್ಟಾರ್ಸ್ ಎಂಬ ಹೊಡೆತ ತನ್ನ ಅರ್ಧ ಭಯವನ್ನು ಕಳೆದುಕೊಳ್ಳುತ್ತದೆ. ಹೊಂಬಣ್ಣದ ಗೋಳವೊಂದು ನಿಧಾನವಾಗಿ ನಿಮ್ಮ ಬೆನ್ನು ಹತ್ತಿ, ಬೆನ್ನು ಹತ್ತಿದಷ್ಟು ಹೊತ್ತೂ ಸಣ್ಣ ಕಿಡಿಗಳನ್ನು ಉಗುಳುತ್ತಲೇ ಇರುವ ಹೊಡೆತ ಅದು. ನಡೆದು ಹೋಗುವವರ ಫ್ಲಾಸ್ಕ್‌ಗಳನ್ನು ಬೀಸ್ಟ್‌ನ ಉಳಿದೆಲ್ಲ ಹೊಡೆತಗಳಿಗಿಂತ ಹೆಚ್ಚಾಗಿ ತಿಂದದ್ದು ಇದೇ. ಅದನ್ನು ಕಂಡ ಕೂಡಲೇ ಲಾಕ್-ಆನ್ (ಎದುರಾಳಿಯ ಮೇಲೆ ನೆಟ್ಟ ಗುರಿ) ಬಿಡಿಸಿ, ಕುದುರೆಯೇರಿ ಅಡ್ಡಡ್ಡವಾಗಿ ಓಡಿದರೆ ಕಿಡಿಗಳು ಹಿಂದೆ ಬೀಳುತ್ತವೆ. ಕಾಲ ಸುತ್ತ ಹೊಂಬಣ್ಣದ ಉಂಗುರ ಮೂಡಿ ಒಳಕ್ಕೆ ಕುಗ್ಗುವ ಹೊಡೆತಕ್ಕೆ ಮಾತ್ರ ಓಟ ಸಾಲದು, ಸರಿಯಾದ ಹೊತ್ತಿಗೆ ಅದರ ಮೇಲಿಂದ ಹಾರಬೇಕು.

ಹಾಗೆಂದು ಕುದುರೆಯ ಮೇಲೆಯೇ ಪೂರ್ತಿ ಹೋರಾಡುವುದು ಜಾಣತನವಲ್ಲ. ಕುದುರೆಯ ಮೇಲಿನ ಪೆಟ್ಟಿಗೆ ನೆಲದ ಮೇಲೆ ಹಾರಿ ಹೊಡೆದಷ್ಟು ಬಲ ಇರುವುದಿಲ್ಲ, ಕುದುರೆ ಸತ್ತು ನೀವು ನೆಲಕ್ಕೆ ಬಿದ್ದರೆ ಏಳುವ ಮೊದಲೇ ಇನ್ನೊಂದು ಪೆಟ್ಟು ಬಿದ್ದಿರುತ್ತದೆ. ದೂರ ಕ್ರಮಿಸಲು ಕುದುರೆ, ಹತ್ತಿರ ತಲುಪಿದ ಮೇಲೆ ಇಳಿದು ಹೊಟ್ಟೆಯ ಕೆಳಗೆ ನುಗ್ಗಿ ಖಡ್ಗ: ನನ್ನ ಕೈಗೆ ಹೊಂದಿದ ಕ್ರಮ ಇದು. ಬೀಸ್ಟ್ ರೆಕ್ಕೆ ಬಿಚ್ಚಿ ಹೊರಡುವ ಸೂಚನೆ ಕಂಡಾಗ ಮತ್ತೆ ಏರುವುದು.

ಗೆಳೆಯನನ್ನು ಕರೆಯುವುದು, ಅಥವಾ ಇನ್ನಷ್ಟು ಬಲಿಯುವುದು

ಮಣಿಪಾಲದಲ್ಲಿರುವ ಗೆಳೆಯನೊಬ್ಬ ಈ ಆಟವನ್ನು ಎರಡು ಬಾರಿ ಮುಗಿಸಿದವನು. ಎರಡು ಎರ್ಡ್‌ಲೀಫ್ ಹೂಗಳಿಂದ ಫರ್ಲ್‌ಕಾಲಿಂಗ್ ಫಿಂಗರ್ ರೆಮಿಡಿ ತಯಾರಿಸಿ, ಇಬ್ಬರೂ ಒಂದೇ ಪಾಸ್‌ವರ್ಡ್ ಇಟ್ಟುಕೊಂಡು, ಅವನ ಹೊಂಬಣ್ಣದ ಗುರುತನ್ನು ನೆಲದ ಮೇಲೆ ಹುಡುಕಿ ಕರೆಸಿಕೊಂಡೆ. ಸುಲಭವಾಗುತ್ತದೆ ಎಂದುಕೊಂಡದ್ದು ಅಷ್ಟು ಸುಲಭವಾಗಲಿಲ್ಲ. ಗೆಳೆಯ ಬಂದ ಕೂಡಲೇ ಬಾಸ್‌ನ ಪ್ರಾಣಬಲ ಏರುತ್ತದೆ, ಅವನು ತರುವ ಫ್ಲಾಸ್ಕ್‌ಗಳು ಅರ್ಧಕ್ಕೆ ಇಳಿಯುತ್ತವೆ, ಸ್ಪಿರಿಟ್ ಆ್ಯಶ್ ಕರೆಯಲು ಬರುವುದಿಲ್ಲ, ಅವನು ಎಷ್ಟೇ ಚೆನ್ನಾಗಿ ಆಡುತ್ತಿದ್ದರೂ ನೀವು ಸತ್ತರೆ ಎಲ್ಲವೂ ಮುಗಿಯಿತು. ಅಂದರೆ ಟೀಷೆಯನ್ನು ಬಿಟ್ಟುಕೊಟ್ಟು ಗೆಳೆಯನನ್ನು ಪಡೆದ ಲೆಕ್ಕ. ಗೆಳೆಯ ಟೀಷೆಗಿಂತ ಚುರುಕಾಗಿದ್ದರೆ ಮಾತ್ರ ಲಾಭ. ನನ್ನವನು ಮಾತಿನಲ್ಲಿ ಬಹಳ ಚುರುಕು. ನಾಲ್ಕು ಪ್ರಯತ್ನಗಳಲ್ಲಿ ನಾಲ್ಕೂ ಸೋತೆವು, ಆದರೆ ಆ ತಿಂಗಳಿನಲ್ಲಿ ಅಷ್ಟು ನಕ್ಕದ್ದು ಅದೊಂದೇ ರಾತ್ರಿ. ಅಲ್ಲದೆ, ಅವನ ಹಿಂದೆ ನಿಂತು ರಾಡಗಾನ್‌ನ ಬಡಿತಗಳನ್ನು ದೂರದಿಂದ ನೋಡಲು ಸಿಕ್ಕಿದ ಅವಕಾಶದಿಂದಲೇ ಹಾರುವ ಲೆಕ್ಕ ನನಗೆ ಹೊಳೆಯಿತು.

ಲೆವೆಲ್ ಏರಿಸಿಕೊಂಡು ಬರುವುದು ಇನ್ನೊಂದು ದಾರಿ. ಮೊಗ್ವಿನ್ ಅರಮನೆಗೆ ಹೋಗುವ ಹಾದಿಯ ಗ್ರೇಸ್ (ವಿಶ್ರಾಂತಿ ತಾಣ) ಬಳಿ ನಿಂತು, ಕಣಿವೆಯಾಚೆಯ ದೊಡ್ಡ ಹಕ್ಕಿಗೆ ಬಾಣ ಬಿಟ್ಟರೆ ಅದು ಓಡಿ ಬಂದು ಕಮರಿಗೆ ಬೀಳುತ್ತದೆ, ಲೆವೆಲ್ ಏರಿಸಲು ಬೇಕಾದ ರೂನ್ ಸುಮಾರು 11,000 ಸಿಗುತ್ತದೆ, ಗ್ರೇಸ್‌ನಲ್ಲಿ ಕುಳಿತು ಎದ್ದರೆ ಹಕ್ಕಿ ಮತ್ತೆ ಅಲ್ಲಿಯೇ ಇರುತ್ತದೆ. ವಿಗರ್ 60 ತಲುಪುವವರೆಗೆ ಇದಕ್ಕೆ ಅರ್ಥವಿದೆ. ಅಲ್ಲಿಂದ ಮುಂದೆ ಬಾಣ ಬಿಡುತ್ತ ಕೂರುವ ಒಂದು ರಾತ್ರಿಗಿಂತ ರಾಡಗಾನ್‌ನ ಎದುರು ಸಾಯುವ ಒಂದು ರಾತ್ರಿ ಹೆಚ್ಚು ಕಲಿಸುತ್ತದೆ. ಅದಕ್ಕಿಂತ ಬೇಗ ಫಲ ಕೊಡುವುದು ಲಾರ್ವಲ್ ಟಿಯರ್: ರಾಯಾ ಲುಕೇರಿಯಾದ ಗ್ರಂಥಾಲಯದಲ್ಲಿರುವ ರೆನ್ನಾಲಾಳಿಗೆ ಒಂದನ್ನು ಕೊಟ್ಟರೆ ಈವರೆಗೆ ಹಾಕಿದ ಎಲ್ಲ ಅಂಕಗಳನ್ನೂ ಮತ್ತೆ ಹಂಚಿಕೊಳ್ಳಬಹುದು. ಫೇತ್‌ಗೆ (ಪ್ರಾರ್ಥನಾ ಮಂತ್ರಗಳಿಗೆ ಬೇಕಾದ ಅಂಕಕ್ಕೆ) ಸುರಿದು ಹೋಲಿ ಮಂತ್ರಗಳಲ್ಲೇ ಬೆಳೆದವರಿಗೆ, ರಕ್ತಸ್ರಾವವನ್ನೇ ನೆಚ್ಚಿ ಆರ್ಕೇನ್ ಏರಿಸಿದವರಿಗೆ ನಾನು ಮೊದಲು ಹೇಳುವುದು ಇದನ್ನೇ. ಇಡೀ ಆಟದಲ್ಲಿ ಕಟ್ಟಿಕೊಂಡ ಪಾತ್ರವನ್ನು ಕೊನೆಯ ಗಂಟೆಯಲ್ಲಿ ಕೆಡವುವುದು ಮನಸ್ಸಿಗೆ ಒಗ್ಗದಿದ್ದರೆ, ಫೇತ್‌ನವರು ಕನಿಷ್ಠ ಹೋಲಿಯನ್ನು ಕೆಳಗಿಟ್ಟು ಬ್ಲಾಸ್ಫಿಮಸ್ ಬ್ಲೇಡ್ ಕೈಗೆತ್ತಿಕೊಳ್ಳಲಿ. ಅದಕ್ಕೂ ಫೇತ್ ಬೇಕಾಗುವುದರಿಂದ ಹಾಕಿದ ಅಂಕ ವ್ಯರ್ಥವಾಗುವುದಿಲ್ಲ.

ಹಾಗಾದರೆ ಆಯ್ಕೆ ಯಾವುದು? ಕೈಯಲ್ಲಿ ಭಾರದ ಖಡ್ಗ ಇರುವವರು ಮಿಮಿಕ್, ಹ್ಯಾಲಿಗ್‌ಡ್ರೇಕ್, ಕುದುರೆ ಈ ಮೂರನ್ನು ಜೋಡಿಸಿಕೊಂಡು, ಸುತ್ತಿಗೆಯ ಬಡಿತಕ್ಕೆ ಹಾರುವುದೊಂದನ್ನು ಕಲಿಯಲಿ. ಮಾಟಗಾರರು ಕಾಮೆಟ್ ಅಜೂರ್‌ನ ಆಸೆ ಬಿಟ್ಟು ರಾಕ್ ಸ್ಲಿಂಗ್ ಮತ್ತು ಟೀಷೆಯನ್ನು ನಂಬಲಿ. ಆಟ ಇನ್ನೂ ಪಳಗದವರಿಗೆ ಬ್ಲಾಸ್ಫಿಮಸ್ ಬ್ಲೇಡ್‌ಗಿಂತ ಕರುಣೆಯುಳ್ಳ ಆಯುಧ ಇನ್ನೊಂದಿಲ್ಲ. ಯಾವುದನ್ನು ಆರಿಸಿದರೂ ಎರಡು ಮೂರು ರಾತ್ರಿ ಅದಕ್ಕೇ ಅಂಟಿಕೊಂಡು, ಬೀಸ್ಟ್ ಎದ್ದಾಗ ಉಳಿದ ಕೆಂಪು ಫ್ಲಾಸ್ಕ್‌ಗಳನ್ನು ಎಣಿಸಬೇಕು. ಲೆಕ್ಕ ದಿನದಿಂದ ದಿನಕ್ಕೆ ಏರುತ್ತಿದ್ದರೆ ದಾರಿ ಬದಲಿಸುವ ಅಗತ್ಯವಿಲ್ಲ. ಮೂರನೆಯ ರಾತ್ರಿಯೂ ಎರಡು ಮೂರರಲ್ಲೇ ನಿಂತಿದ್ದರೆ ತಂತ್ರ ನಿಮಗೆ ಹೊಂದಿಲ್ಲ ಎಂದು ತಿಳಿದು ಬೇರೆಯದನ್ನು ಹಿಡಿಯಬಹುದು.

ಕರಾವಳಿಯ ಮಳೆಗಾಲದಲ್ಲಿ ಆಡುವವರಿಗೆ ಇನ್ನೊಂದು ಮಾತು. ಬೀಸ್ಟ್‌ನ ಪ್ರಾಣಪಟ್ಟಿ ಬೆರಳಗಲ ಉಳಿದಿದ್ದಾಗ ಗುಡುಗಿನೊಂದಿಗೆ ಕರೆಂಟ್ ಹೋಗಿ, ಪರದೆ ಕಪ್ಪಾಗಿ, ಇನ್ವರ್ಟರ್‌ನ ಕೀಚಲು ಸದ್ದಷ್ಟೇ ಉಳಿದದ್ದನ್ನು ನಾನು ಒಮ್ಮೆ ಅನುಭವಿಸಿದ್ದೇನೆ. ಕಂಪ್ಯೂಟರ್ ಅನ್ನು ಇನ್ವರ್ಟರ್‌ನ ಪ್ಲಗ್‌ಗೆ ಹಾಕಿರಲಿಲ್ಲ. ಹಾಗೆ ಆದಾಗ ಆಟ ನಿಮ್ಮನ್ನು ಅಖಾಡದ ಹೊರಗೆ ನಿಲ್ಲಿಸುತ್ತದೆ, ಒಳಗೆ ರಾಡಗಾನ್ ಪೂರ್ತಿ ಪ್ರಾಣಬಲದೊಂದಿಗೆ ಸುತ್ತಿಗೆ ಹಿಡಿದು ಕಾದಿರುತ್ತಾನೆ. ಅರ್ಧ ಗಂಟೆಯಾದರೂ ತಾಳುವ ಯುಪಿಎಸ್ ಇದ್ದರೆ ಅದನ್ನು ಈಗಲೇ ಜೋಡಿಸಿಟ್ಟುಕೊಳ್ಳಿ; ಇಲ್ಲದಿದ್ದರೆ ಪಡುವಣ ಮೋಡ ಕಪ್ಪಾದ ರಾತ್ರಿ ರಾಡಗಾನ್‌ನ ಸುತ್ತನ್ನು ಮಾತ್ರ ಅಭ್ಯಾಸ ಮಾಡಿ, ಬೀಸ್ಟ್ ಅನ್ನು ಹೊಳವಾದ ದಿನಕ್ಕೆ ಬಿಡಿ.